ನುಂಗುವುದನ್ನು ನೋಡುವ ಕೆಲಸ

ತಿಪಟೂರು
4 ಫೆಬ್ರವರಿ 2024

ಮಗಳು ಸೌಂದರ್ಯಳಿಗೆ ಅಪ್ಪನ ಆಶೀರ್ವಾದ.

ಕಾಗದ ನೋಡಿ ಗಾಬರಿಯಾಗಬೇಡ, ಮನೆಯಲ್ಲಿ ಎಲ್ಲರೂ ನೆಟ್ಟಗಿದ್ದಾರೆ. ಕೈಕಾಲು ನಡುಗಿಸುತ್ತಿದ್ದ ಕಾಯಿಲೆ ಈಗ ಧ್ವನಿಗೂ ಹತ್ತಿದೆ, ಅಷ್ಟೇ. ಹೋದ ಭಾನುವಾರ ನೀನು ಫೋನು ಮಾಡಿದಾಗ ‘ಅಪ್ಪಾಜಿ, ಕೇಳಿಸ್ತಿಲ್ಲ’ ಎನ್ನುತ್ತಲೇ ಇದ್ದೆ. ನಾನು ಮಾತಾಡುತ್ತಲೇ ಇದ್ದೆ. ಲೈನು ಹೋಯಿತೆಂದು ನೀನು ಇಟ್ಟುಬಿಟ್ಟೆ. ನಾನು ಆಮೇಲೂ ಸ್ವಲ್ಪ ಹೊತ್ತು ಮಾತಾಡಿದೆ. ಶುರು ಮಾಡಿದ ಮಾತನ್ನು ಮುಗಿಸಬೇಕಲ್ಲ.

ಮಾರುಕಟ್ಟೆಯ ಈ ತುದಿಯಿಂದ ಕೊಬ್ಬರಿಯ ರೇಟು ಕೂಗಿದರೆ ಆ ತುದಿಗೆ ಕೇಳುತ್ತಿದ್ದ ಗಂಟಲು ಇದು. ಈಗ ಪಕ್ಕದಲ್ಲಿ ಕೂತ ನಿಸರ್ಗಳಿಗೇ ಕೇಳಿಸುವುದಿಲ್ಲ. ‘ತಾತ, ಜೋರಾಗಿ’ ಅನ್ನುತ್ತದೆ ಮಗು. ಅದಕ್ಕೇ ಇನ್ನು ಮೇಲೆ ಫೋನು ಬೇಡ, ಬರೆಯೋಣ ಎಂದು ಕೂತಿದ್ದೇನೆ.

ನೀನು ಅರಸೀಕೆರೆಯ ಗಂಡನ ಮನೆ ಬಿಟ್ಟು ಹುಬ್ಬಳ್ಳಿ ಸೇರಿದ ಮೇಲೆ ನಮ್ಮಿಬ್ಬರ ನಡುವೆ ಉಳಿದಿದ್ದು ಭಾನುವಾರದ ಫೋನು ಒಂದೇ. ಅದೂ ಹೋದರೆ ಸರಿಯಲ್ಲ ಅನ್ನಿಸಿತು.

ನಿನ್ನ ತಮ್ಮ ಮಹಾಂತೇಶ ವ್ಯಾಪಾರ ನೋಡಿಕೊಳ್ಳುತ್ತಿದ್ದಾನೆ. ಅನಿತಾಳಂಥ ಸೊಸೆ ಸಿಕ್ಕಿದ್ದು ನಮ್ಮ ಪುಣ್ಯ. ಸಂಕ್ರಾಂತಿ ಕಳೆದ ಮೇಲೆ ನನಗೊಂದು ಜ್ವರ ಬಂದು ಹೋಯಿತು. ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ಕಾಯಿ ಈ ಸಲ ಚೆನ್ನಾಗಿ ಒಣಗಿವೆ.

ಇಂತಿ,
ನಿನ್ನ ಅಪ್ಪ
ವೀರಭದ್ರಯ್ಯ


ಹುಬ್ಬಳ್ಳಿ
11 ಫೆಬ್ರವರಿ

ಅಪ್ಪಾಜಿಯವರಿಗೆ ನಮಸ್ಕಾರ.

ಕಾಗದ ಬಂತು. ಡ್ಯೂಟಿಗೆ ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ಓದಿದೆ. ಮೊದಲ ಸಾಲಿನಲ್ಲಿ ಕಡಲೆಕಾಳಿನಷ್ಟಿರುವ ಅಕ್ಷರ ಕೊನೆಗೆ ಬರುವಾಗ ಸಾಸಿವೆಯಾಗಿದೆ. ಪಾರ್ಕಿನ್ಸನ್ ಇರುವವರ ಬರಹ ಹಾಗೇ ಕುಗ್ಗುತ್ತದೆ, ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ನನಗೆ ಓದಲು ಬರುತ್ತದೆ.

ಜ್ವರ ಬಂದು ಹೋಯಿತು ಎಂದು ಬರೆದು ಕಾಯಿಯ ವಿಷಯಕ್ಕೆ ಹೋಗಿಬಿಟ್ಟಿದ್ದೀರಿ. ನಾನು ಮಾತ್ರ ಆ ಜ್ವರದಲ್ಲೇ ನಿಂತಿದ್ದೇನೆ.

ನನ್ನದು ಏನು ಕೆಲಸ ಎಂದು ನೀವು ಯಾವತ್ತೂ ಕೇಳಿಲ್ಲ. ಮಾತು ಕಲಿಸುವ ಟೀಚರು ಎಂದು ಮಹಾಂತೇಶ ಎಲ್ಲರಿಗೂ ಹೇಳುತ್ತಾನಂತೆ. ಅದು ಅರ್ಧ ಕೆಲಸ. ಲಕ್ವಾ ಹೊಡೆದವರು, ನಿಮ್ಮಂತೆ ನರದ ಕಾಯಿಲೆ ಇರುವವರು ಸರಿಯಾಗಿ ನುಂಗುತ್ತಿದ್ದಾರೆಯೇ ಎಂದು ನೋಡುವುದು ಉಳಿದರ್ಧ. ನೋಡಿ, ಬಾಯಿಂದ ಉಣ್ಣಬಹುದು, ಉಣ್ಣಬಾರದು ಎಂದು ಬರೆದುಕೊಡುತ್ತೇನೆ. ಗಂಟಲು ಕೆಟ್ಟರೆ ಮಾತಿನ ಜೊತೆಗೆ ನುಂಗುವುದೂ ಕೆಡುತ್ತದೆ.

ಅದಕ್ಕೇ ಕೇಳುತ್ತಿದ್ದೇನೆ, ಮುಚ್ಚಿಡದೆ ಬರೆಯಿರಿ. ನೀರು ಕುಡಿಯುವಾಗ ಕೆಮ್ಮು ಬರುತ್ತದೆಯೇ? ಊಟವಾದ ಮೇಲೆ ಗಂಟಲಲ್ಲಿ ನೀರು ನಿಂತ ಹಾಗೆ ಗುಳುಗುಳು ಅನ್ನುತ್ತದೆಯೇ? ಮುದ್ದೆ ಅಗಿದು ನುಂಗುತ್ತೀರಾ? ಮುಂಚೆಗಿಂತ ಊಟ ನಿಧಾನವಾಗಿದೆಯೇ? ಸೊಂಟದ ಬೆಲ್ಟು ಸಡಿಲವಾಗಿದೆಯೇ? ಒಂದು ಗುಟುಕು ನುಂಗುವಾಗ ಗಂಟಲಮಣಿ ಎಷ್ಟು ಮೇಲೇಳುತ್ತದೆ ಎಂದು ಅನಿತಾ ಬೆರಳಿಟ್ಟು ನೋಡಲಿ.

ಹೋದ ತಿಂಗಳು ಬೆಂಗಳೂರಿಗೆ ಹೋಗುವಾಗ ರೈಲು ತಿಪಟೂರಲ್ಲಿ ನಿಂತಿತ್ತು. ಇಳಿಯಲಿಲ್ಲ.

ನಿಮ್ಮ ಮಗಳು
ಸೌಂದರ್ಯ


ತಿಪಟೂರು
28 ಫೆಬ್ರವರಿ

ಸೌಂದರ್ಯ,

ಪೊಲೀಸಿನವರೂ ಇಷ್ಟು ಪ್ರಶ್ನೆ ಕೇಳುವುದಿಲ್ಲ ಕಣಮ್ಮ. ಪಂಚೆ ಉಡುವವನಿಗೆ ಬೆಲ್ಟಿನ ಲೆಕ್ಕ ಕೇಳಿದ್ದೀಯ. ಮುದ್ದೆ ಅಗಿಯುತ್ತೀರಾ ಎಂದು ಬೇರೆ. ರೊಟ್ಟಿ ತಿನ್ನುವವರ ಊರು ಸೇರಿ ಇಷ್ಟು ಮರೆತೆಯಾ? ಮುದ್ದೆ ಅಗಿಯುವವನನ್ನು ನಮ್ಮ ಕಡೆ ಯಾರು ಲೆಕ್ಕಕ್ಕೆ ಇಡುತ್ತಾರೆ? ಮುರಿದು, ಸಾರಿಗೆ ಅದ್ದಿ, ನುಂಗುವುದು. ಈಗ ತುತ್ತು ಗೋಲಿಯಷ್ಟಾಗಿದೆ, ನಿಜ. ಹೊತ್ತೂ ಹಿಡಿಯುತ್ತದೆ.

ಗಂಟಲ ಮೇಲೆ ಬೆರಳಿಡಲು ಅನಿತಾ ನಾಚಿಕೊಂಡಳು. ನಿಸರ್ಗ ಇಟ್ಟು ನೋಡಿ ‘ತಾತಂಗೆ ಇಲಿ ಓಡಾಡ್ತದೆ’ ಅಂದಳು. ನಿನ್ನ ಪುಸ್ತಕದಲ್ಲಿ ಇಲಿ ಇದೆಯೋ ಇಲ್ಲವೋ.

ಕೆಮ್ಮಿನ ವಿಷಯ ಬರೆಯಬಾರದು ಎಂದುಕೊಂಡಿದ್ದೆ. ಬರೆಯುತ್ತೇನೆ. ಕಾರ್ತಿಕದಲ್ಲಿ ಹಾಲ್ಕುರಿಕೆಯಲ್ಲಿ ನಮ್ಮವರೊಬ್ಬರ ಗೃಹಪ್ರವೇಶವಿತ್ತು. ಪಂಕ್ತಿಯಲ್ಲಿ ನನ್ನ ಪಕ್ಕ ಹಾಲಸ್ವಾಮಿ ಕೂತಿದ್ದ. ಗೊತ್ತಲ್ಲ, ಮಾರುಕಟ್ಟೆಯಲ್ಲಿ ನಮ್ಮ ಪಕ್ಕದ ಅಂಗಡಿಯವನು, ನನ್ನ ಓರಗೆಯವನು. ಅನ್ನದ ತುತ್ತು ಎಲ್ಲೋ ಸಿಕ್ಕಿ ಕೆಮ್ಮು ಒತ್ತರಿಸಿಕೊಂಡು ಬಂತು. ಬಾಯಲ್ಲಿದ್ದದ್ದು ಅವನ ಎಲೆಗೆ ಸಿಡಿಯಿತು. ಅವನು ನನ್ನ ಮುಖ ನೋಡದೆ ಎಲೆ ಮಡಚಿ, ‘ನಂದು ಆಗಿತ್ತು ಬುಡಣ್ಣ’ ಎಂದು ಎದ್ದ. ಪಾಯಸ ಇನ್ನೂ ಬಡಿಸಿಯೇ ಇರಲಿಲ್ಲ.

ಅವನ ಮೇಲೆ ನನಗೆ ಕೋಪವಿಲ್ಲ. ನಾನಾಗಿದ್ದರೂ ಏಳುತ್ತಿದ್ದೆ. ಅವತ್ತಿನಿಂದ ನನ್ನ ಊಟ ಗೋಡೌನಿನ ಪಕ್ಕದ ಕೋಣೆಗೆ. ಮೇಲೆ ಅಟ್ಟದ ತುಂಬ ಕಾಯಿ, ಕೆಳಗೆ ನಾನು. ಮಹಾಂತೇಶ ಮೊದಮೊದಲು ಒಳಗೆ ಬನ್ನಿ ಎಂದು ಕರೆಯುತ್ತಿದ್ದ, ಈಗ ಬಿಟ್ಟಿದ್ದಾನೆ. ಒಳಗೆ ಅವರು ನಗುವುದು ಕೇಳುತ್ತಿರುತ್ತದೆ. ತುಂಬಿದ ಮನೆಯಲ್ಲಿ ಒಬ್ಬನೇ ಉಣ್ಣುವುದು ಇಷ್ಟು ಬೇಜಾರಿನ ಕೆಲಸ ಎಂದು ನನಗೆ ಗೊತ್ತಿರಲಿಲ್ಲ.

ಇಂತಿ ನಿನ್ನ ಅಪ್ಪ


ಹುಬ್ಬಳ್ಳಿ
9 ಮಾರ್ಚ್

ಅಪ್ಪಾಜಿ,

ಹಾಲಸ್ವಾಮಿ ಮಾವ ಎದ್ದದ್ದು ಓದಿ ನನಗೂ ಊಟ ಸೇರಲಿಲ್ಲ.

ಒಂದು ಮಾತು ತಿಳಿದುಕೊಳ್ಳಿ, ಕೆಮ್ಮು ಅವಮಾನ ಅಲ್ಲ. ಗಂಟಲಲ್ಲಿ ಎರಡು ದಾರಿ ಇವೆ, ಒಂದು ಅನ್ನಕ್ಕೆ, ಒಂದು ಉಸಿರಿಗೆ. ನುಂಗುವಾಗ ಉಸಿರಿನ ದಾರಿ ಮುಚ್ಚಿಕೊಳ್ಳಬೇಕು. ನಿಮಗೆ ಅದು ತಡವಾಗಿ ಮುಚ್ಚುತ್ತಿದೆ. ತಪ್ಪು ದಾರಿಗೆ ಹೋದದ್ದನ್ನು ಕೆಮ್ಮು ಆಚೆ ದೂಡುತ್ತದೆ. ವಾರ್ಡಿನಲ್ಲಿ ಕೆಮ್ಮುವವರಿಗಿಂತ ಕೆಮ್ಮದವರ ಹತ್ತಿರ ನಾನು ಹೆಚ್ಚು ಹೊತ್ತು ಕೂರುತ್ತೇನೆ. ಅವರಿಗೆ ನೀರು ಉಸಿರಿನ ಕೊಳವೆಗೆ ಇಳಿದರೂ ಗೊತ್ತಾಗುವುದಿಲ್ಲ. ಆಮೇಲೆ ಜ್ವರ ಬರುತ್ತದೆ, ಶ್ವಾಸಕೋಶಕ್ಕೆ ನಂಜು ಏರುತ್ತದೆ. ಈ ಕಾಯಿಲೆಯಲ್ಲಿ ಎಷ್ಟೋ ಜನರ ಜೀವ ಹೋಗುವುದು ನಡುಕದಿಂದ ಅಲ್ಲ, ಇದರಿಂದ.

ನೀರಿನಂಥದ್ದು ಏನೂ ಬೇಡ. ನೀರು, ಕಾಫಿ, ಮಜ್ಜಿಗೆ, ಎಳನೀರು, ತಿಳಿಸಾರು ಯಾವುದೂ ಹಾಗೇ ಕುಡಿಯಬಾರದು. ಗಟ್ಟಿ ಮಾಡುವ ಪುಡಿ ಕಳಿಸುತ್ತಿದ್ದೇನೆ, ಅನಿತಾ ಕಲಸಿ ಚಮಚದಲ್ಲಿ ಕೊಡಲಿ. ಗದ್ದ ಎದೆಯ ಕಡೆ ಬಗ್ಗಿಸಿ ನುಂಗಿ. ಚೊಂಬು ಎತ್ತಿ ಕುಡಿಯುವುದಂತೂ ಬೇಡವೇ ಬೇಡ. ತಲೆ ಹಿಂದಕ್ಕೆ ಹೋದರೆ ಉಸಿರಿನ ದಾರಿ ಬಾಯ್ತೆರೆದುಕೊಂಡಿರುತ್ತದೆ.

ಇಷ್ಟನ್ನೂ ದೂರದಿಂದ ಅಂದಾಜಿನ ಮೇಲೆ ಬರೆದಿದ್ದೇನೆ. ಎಕ್ಸ್‌ರೇ ಕೆಳಗೆ ನುಂಗಿಸಿ ನೋಡುವ ಪರೀಕ್ಷೆ ಇದೆ, ಅದನ್ನು ಮಾಡಬೇಕು. ಇಲ್ಲಿಗೆ ಬನ್ನಿ. ಇಲ್ಲದಿದ್ದರೆ ನಾನು ಒಮ್ಮೆ ಅಲ್ಲಿಗೆ ಬಂದು ನೀವು ಉಣ್ಣುವುದನ್ನಾದರೂ ನೋಡುತ್ತೇನೆ. ನಾನು ಗಂಡನನ್ನು ಬಿಟ್ಟಾಗ ‘ಒಬ್ಬಳೇ ಆದರೆ ಈ ಮನೆಗೆ ಬರಬೇಡ’ ಎಂದು ನೀವು ಹೇಳಿದ್ದು ಮರೆತಿಲ್ಲ. ಮಗಳಾಗಿ ಬೇಡದಿದ್ದರೆ ಆಸ್ಪತ್ರೆಯವಳಾಗಿ ಬರಬಹುದೇ?

ಸೌಂದರ್ಯ


ತಿಪಟೂರು
21 ಏಪ್ರಿಲ್

ಸೌಂದರ್ಯ,

ಪುಡಿ ಬಂತು. ಈಗ ನಾನು ಕಾಫಿ ಕುಡಿಯುವುದಿಲ್ಲ, ತಿನ್ನುತ್ತೇನೆ. ಯುಗಾದಿ ಒಬ್ಬಟ್ಟನ್ನು ಅನಿತಾ ಹಾಲಿನ ಜೊತೆ ಮಿಕ್ಸಿಗೆ ಹಾಕಿ ಪಾಯಸದ ಹದಕ್ಕೆ ಮಾಡಿಕೊಟ್ಟಳು. ಕಣ್ಣು ಮುಚ್ಚಿದರೆ ಒಬ್ಬಟ್ಟೇ, ತೆರೆದರೆ ಗೋಡೆಗೆ ಹಚ್ಚುವ ಗಾರೆ. ಎಳನೀರು ಕೊಚ್ಚುವ ಸದ್ದು ಕೇಳಿದರೆ ಎದ್ದು ಒಳಗೆ ಹೋಗುತ್ತೇನೆ. ಈ ಊರಲ್ಲಿ ಆ ಸದ್ದು ಕೇಳದ ಜಾಗವೇ ಇಲ್ಲ, ಹಾಗಾಗಿ ಓಡಾಟ ಜಾಸ್ತಿಯಾಗಿದೆ.

ನಿನಗೆ ಸಂತೋಷದ ಸುದ್ದಿ. ಕೆಮ್ಮು ನಿಂತೇ ಹೋಯಿತು. ಹದಿನೈದು ದಿನದಿಂದ ಒಂದು ಸಲವೂ ಇಲ್ಲ. ನಿನ್ನ ವೈದ್ಯ ನಾಟಿತು ನೋಡು. ನಡುವೆ ಇನ್ನೊಮ್ಮೆ ಜ್ವರ ಬಂದಿತ್ತು, ಇಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟರು, ಇಳಿಯಿತು. ಬಿಸಿಲಿಗೆ ಇರಬೇಕು.

ಬರುವ ಹೋಗುವ ವಿಷಯ ಆಮೇಲೆ ನೋಡೋಣ.

ಅಪ್ಪ


ಹುಬ್ಬಳ್ಳಿ
25 ಏಪ್ರಿಲ್

ಅನಿತಾ,

ಇದನ್ನು ನಿನ್ನ ಹೆಸರಿಗೇ ಬರೆಯುತ್ತಿದ್ದೇನೆ. ಫೋನಿನಲ್ಲಿ ಕೇಳಿದರೆ ಪಕ್ಕದಲ್ಲಿ ಮಹಾಂತೇಶ ಇರುತ್ತಾನೆ, ನೀನು ‘ಎಲ್ಲಾ ಸರಿ ಇದೆ’ ಅನ್ನುತ್ತೀಯ. ಅವನನ್ನು ಕೇಳಿದೆ, ‘ಚೆನ್ನಾಗವ್ರೆ’ ಎಂದು ಇಟ್ಟುಬಿಟ್ಟ.

ಅಪ್ಪಾಜಿಗೆ ಕೆಮ್ಮು ನಿಂತಿದ್ದು ಒಳ್ಳೆಯದಲ್ಲ. ಕೆಮ್ಮು ಇಲ್ಲದೆ ಜ್ವರ ಬರುತ್ತಿದೆ ಎಂದರೆ ಯಾವುದೋ ತೆಳುವಾದ ನೀರು ಅವರ ಶ್ವಾಸಕೋಶಕ್ಕೆ ಸದ್ದಿಲ್ಲದೆ ಇಳಿಯುತ್ತಿದೆ. ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಅವರ ನಾಲಿಗೆಗೆ ಏನೇನು ಸೋಕುತ್ತದೆ, ಒಂದನ್ನೂ ಬಿಡದೆ ಬರೆ. ನಿನ್ನ ಮೇಲೆ ತಪ್ಪು ಹೊರಿಸಲು ಕೇಳುತ್ತಿಲ್ಲ. ನನಗೆ ಭಯವಾಗಿದೆ.

ಸೌಂದರ್ಯ


ತಿಪಟೂರು
2 ಮೇ

ಅತ್ತಿಗೆಯವರಿಗೆ ಅನಿತಾ ಮಾಡುವ ನಮಸ್ಕಾರಗಳು.

ನೀವು ಹೇಳಿದ ಹಾಗೇ ಮಾಡುತ್ತಿದ್ದೇನೆ ಅತ್ತಿಗೆ. ಎದ್ದ ಮೇಲೆ ಒದ್ದೆ ಬಟ್ಟೆಯಲ್ಲಿ ಬಾಯಿ ಒರೆಸುತ್ತೇನೆ, ಮುಕ್ಕಳಿಸಲು ನೀರು ಕೊಡುವುದಿಲ್ಲ. ಗಟ್ಟಿ ಕಾಫಿ. ಸ್ನಾನ, ಪೂಜೆ. ಆಮೇಲೆ ಇಡ್ಲಿಯನ್ನು ಮೊಸರಲ್ಲಿ ನುಣ್ಣಗೆ ಕಲಸಿ ಕೊಡುತ್ತೇನೆ. ಮಧ್ಯಾಹ್ನ ಸಣ್ಣ ಮುದ್ದೆ, ಬೇಳೆಕಟ್ಟು ಗಟ್ಟಿ ಮಾಡಿ. ಸಂಜೆ ರಾಗಿಗಂಜಿ. ಮತ್ತೆ ಪೂಜೆ, ಊಟ. ಮಾತ್ರೆಯನ್ನೂ ಬಾಳೆಹಣ್ಣಿನಲ್ಲಿಟ್ಟು ಕೊಡುತ್ತೇನೆ. ಒಂದು ತೊಟ್ಟು ನೀರು ಕೊಟ್ಟಿಲ್ಲ, ಬೇಕಾದರೆ ದೇವರ ಮೇಲೆ ಆಣೆ ಮಾಡುತ್ತೇನೆ.

ಪೂಜೆಯಲ್ಲಿ ಲಿಂಗಕ್ಕೆ ಎರೆದ ತೀರ್ಥ ತೆಗೆದುಕೊಳ್ಳುತ್ತಾರೆ, ಎರಡು ಹೊತ್ತೂ. ಅದು ತೀರ್ಥ, ನೀರಿನ ಲೆಕ್ಕಕ್ಕೆ ಬರುವುದಿಲ್ಲವಲ್ಲ. ಒಂದನ್ನೂ ಬಿಡಬೇಡ ಎಂದಿರಿ, ಅದಕ್ಕೇ ಬರೆದೆ.

ಇನ್ನೊಂದು. ಮಾವನವರ ಪಂಚೆ ಈಗ ಸೊಂಟದಲ್ಲಿ ನಿಲ್ಲುತ್ತಿಲ್ಲ. ದಾರ ಕಟ್ಟಿ ಕೊಡುತ್ತಿದ್ದೇನೆ. ಅವರು ನಿಮಗೆ ಬರೆದಿರಲಿಕ್ಕಿಲ್ಲ.

ಅನಿತಾ


ಹುಬ್ಬಳ್ಳಿ
7 ಮೇ

ಅಪ್ಪಾಜಿ,

ಇದನ್ನು ಬರೆಯಲು ಕೈ ಬರುತ್ತಿಲ್ಲ.

ನೀವು ತೀರ್ಥ ತೆಗೆದುಕೊಳ್ಳುವ ರೀತಿ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಅಂಗೈಯಿಂದ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ಚೆಲ್ಲುತ್ತೀರಿ. ತೆಳುವಾದ ನೀರು, ತೆರೆದ ಗಂಟಲು, ಎರಡು ಹೊತ್ತು. ನಿಮಗೆ ಜ್ವರ ಬರುತ್ತಿರುವುದು ಇದರಿಂದಲೂ ಇರಬಹುದು. ಅನಿತಾ ಅದನ್ನು ನೀರೆಂದುಕೊಳ್ಳಲಿಲ್ಲ. ಕುಡಿಯಬಾರದ್ದನ್ನೆಲ್ಲ ಬರೆದ ನನಗೂ ಹೊಳೆಯಲಿಲ್ಲ. ಆ ಮನೆಯಲ್ಲೇ ಬೆಳೆದವಳಲ್ಲವೇ ನಾನೂ.

ಬಿಡಿ ಎಂದು ಹೇಳುವ ಧೈರ್ಯ ನನಗಿಲ್ಲ. ಬಾಯಿಗೆ ಹಾಕಬೇಡಿ ಎಂದು ಮಾತ್ರ ಕೇಳುತ್ತೇನೆ.

ಸೌಂದರ್ಯ


ತಿಪಟೂರು
20 ಮೇ

ಸೌಂದರ್ಯ,

ನಿನ್ನ ಕಾಗದ ಓದಿ ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಆಡಿದ್ದರೂ ಕೇಳಿಸುತ್ತಿರಲಿಲ್ಲ ಬಿಡು. ಸಿಟ್ಟು ಬಂದಿತ್ತು. ಲಿಂಗದೀಕ್ಷೆಯಾದ ದಿನದಿಂದ ಒಂದು ದಿನ ತೀರ್ಥ ತಪ್ಪಿಸಿದವನಲ್ಲ ನಾನು. ನಿಮ್ಮಮ್ಮ ತೀರಿಹೋದ ದಿನವೂ ತೆಗೆದುಕೊಂಡಿದ್ದೆ. ಅದನ್ನೂ ಎಣಿಸಿ ನೋಡಲು ಇವಳು ಯಾರು ಅನ್ನಿಸಿತು.

ಹಾಲ್ಕುರಿಕೆ ಮಠಕ್ಕೆ ಹೋದೆ. ಅಲ್ಲಿರುವ ಹಿರಿಯರೊಬ್ಬರಿಗೆ ಚೀಟಿಯಲ್ಲಿ ಬರೆದು ತೋರಿಸಿದೆ. ಅವರು ಓದಿ, ‘ಕಣ್ಣಿಗೊತ್ಕೊಳ್ಳಿ, ಸಾಕು. ಮಗಳು ಹೇಳ್ದಂಗೆ ಕೇಳಿ’ ಅಂದರು. ಇಷ್ಟು ಸುಲಭವಾಗಿ ಒಪ್ಪಿದ್ದಕ್ಕೆ ಅವರ ಮೇಲೂ ಸಿಟ್ಟು ಬಂತು.

ಈಗ ಕಣ್ಣಿಗೆ ಒತ್ತಿಕೊಳ್ಳುತ್ತೇನೆ. ಕೈ ತಾನಾಗಿ ಬಾಯಿಗೆ ಹೋಗುತ್ತದೆ, ಇಳಿಸುತ್ತೇನೆ. ಮನೆಯವರಿಂದ ದೂರ ಕೂತು ಉಂಡಾಗಲೂ ದೇವರ ಹತ್ತಿರ ನಾನು ಒಬ್ಬನೇ ಅನ್ನಿಸಿರಲಿಲ್ಲ. ಈಗ ಅನ್ನಿಸುತ್ತದೆ.

ನಿನ್ನ ಪರೀಕ್ಷೆಗೆ ಬರುತ್ತೇನೆ. ನೀನು ಇಲ್ಲಿಗೆ ಬರುವುದು ಬೇಡ, ನಾನೇ ಬರುತ್ತೇನೆ. ಮಹಾಂತೇಶ ಕಾರಿನಲ್ಲಿ ಕರೆತರುತ್ತಾನೆ. ಬೇರೆ ಯಾರೋ ನೋಡುವುದಾದರೆ ಒಲ್ಲೆ, ನೀನೇ ನೋಡಬೇಕು.

ಅಪ್ಪ


ಹುಬ್ಬಳ್ಳಿ
16 ಜೂನ್

ಅಪ್ಪಾಜಿ,

ನೀವು ಬಂದು ಹೋಗಿ ವಾರವಾಗುತ್ತಾ ಬಂತು. ‘ಬರೆದು ತಿಳಿಸ್ತೀನಿ’ ಎಂದು ನಿಮ್ಮನ್ನು ಕಾರು ಹತ್ತಿಸಿದೆ. ದಿನಾ ಬೇರೆಯವರ ಮನೆಯವರನ್ನು ಎದುರಿಗೆ ಕೂರಿಸಿಕೊಂಡು ಹೇಳುವವಳಿಗೆ ನಿಮಗೆ ಹೇಳಲು ಬಾಯಿ ಬರಲಿಲ್ಲ.

ಅನಿತಾ ಕಟ್ಟಿಕೊಟ್ಟಿದ್ದ ಮುದ್ದೆಗೆ ನಾನು ಬಿಳಿ ಪುಡಿ ಬೆರೆಸಿದೆನಲ್ಲ, ಅದು ಎಕ್ಸ್‌ರೇಯಲ್ಲಿ ಕಪ್ಪಗೆ ಕಾಣುತ್ತದೆ. ತುತ್ತು ನಿಮ್ಮ ನಾಲಿಗೆಯ ಮೇಲೆ ಬಹಳ ಹೊತ್ತು ಹಿಂದೆ ಮುಂದೆ ಆಡಿತು. ಆಮೇಲೆ ಜಾರಿತು. ಅರ್ಧ ಅನ್ನನಾಳಕ್ಕೆ ಹೋಯಿತು. ಉಳಿದದ್ದು ಗಂಟಲಲ್ಲೇ ನಿಂತಿದ್ದು, ನೀವು ಉಸಿರೆಳೆದಾಗ ಉಸಿರಿನ ಕೊಳವೆಗೆ ಇಳಿಯಿತು. ನೀವು ಕೆಮ್ಮಲಿಲ್ಲ. ಗಾಜಿನ ಆಚೆ ನಿಂತಿದ್ದ ನನ್ನ ಕಡೆ ತಿರುಗಿ ಹೆಬ್ಬೆರಳು ಎತ್ತಿ ತೋರಿಸಿದಿರಿ, ಪಾಸಾದೆ ಅನ್ನುವ ಹಾಗೆ.

ಗದ್ದ ಬಗ್ಗಿಸಿ ನೋಡಿದೆ, ಕತ್ತು ತಿರುಗಿಸಿ ನೋಡಿದೆ, ಗಂಜಿ ಕೊಟ್ಟು ನೋಡಿದೆ. ಎಲ್ಲದರಲ್ಲೂ ಅದೇ. ತೀರ್ಥ ನಿಲ್ಲಿಸಿದರೆ ಸಾಕು ಎಂದುಕೊಂಡಿದ್ದೆ. ಸಾಲದು ಅಪ್ಪಾಜಿ. ಇನ್ನು ಬಾಯಿಂದ ಉಣ್ಣಬಾರದು. ಹೊಟ್ಟೆಗೆ ಸಣ್ಣದೊಂದು ಕೊಳವೆ ಹಾಕಿ ಅದರಲ್ಲೇ ಆಹಾರ ಕೊಡಬೇಕು. ನಮ್ಮ ಡಾಕ್ಟರದೂ ಅದೇ ಅಭಿಪ್ರಾಯ. ವರದಿಗೆ ಸಹಿ ಹಾಕಿದವಳು ನಾನು. ಬೇರೆಯವರಿಗೆ ಬಿಡಬಹುದಿತ್ತು, ಆದರೆ ‘ನೀನೇ ನೋಡಬೇಕು’ ಎಂದಿದ್ದಿರಿ ನೀವು.

ಬೇಡ ಎನ್ನುವ ಹಕ್ಕು ನಿಮಗಿದೆ. ಎಷ್ಟೋ ಜನ ಬೇಡ ಎನ್ನುತ್ತಾರೆ, ನಾನು ಅವರಿಗೆ ಒತ್ತಾಯ ಮಾಡುವುದಿಲ್ಲ. ನಿಮಗೆ ಮಾಡುತ್ತಿದ್ದೇನೆ. ನನಗೆ ನೀವು ಬೇಕು.

ಸೌಂದರ್ಯ


ತಿಪಟೂರು
30 ಜೂನ್

ಮಗಳೇ,

ಹೆಬ್ಬೆರಳು ಎತ್ತಿದ್ದು ಪಾಸಾದೆನೆಂದು ಅಲ್ಲ ಕಣಮ್ಮ. ಗಾಜಿನ ಆಚೆ ನಿನ್ನ ಮುಖ ನೋಡಿದ ಕೂಡಲೇ ನನಗೆ ತಿಳಿಯಿತು. ನೀನು ಕೆಲಸ ಮಾಡುವುದನ್ನು ನಾನು ಯಾವತ್ತೂ ನೋಡಿರಲಿಲ್ಲ. ಚೆನ್ನಾಗಿ ಮಾಡುತ್ತೀಯ ಎಂದು ತೋರಿಸಿದೆ.

ಬರುವ ಗುರುವಾರ ತುಮಕೂರಿನಲ್ಲಿ ಕೊಳವೆ ಹಾಕಿಸಿಕೊಳ್ಳುತ್ತೇನೆ. ಅಲ್ಲಿಯವರೆಗೆ ಮೂಗಿನಲ್ಲಿ ಒಂದು ಹಾಕಿದ್ದಾರೆ. ನಿಸರ್ಗ ಅದನ್ನು ನೋಡಿ ಆನೆ ಅಂದಳು. ನಿನ್ನ ಕಾಗದ ತಲುಪಿದ ದಿನದಿಂದ ಬಾಯಿಗೆ ಏನೂ ಹಾಕಿಲ್ಲ. ಹಸಿವು ಇಲ್ಲ. ನಾಲಿಗೆಗೆ ಮಾತ್ರ ಏನೋ ಕಳೆದುಕೊಂಡ ಹಾಗೆ, ಅದು ಹಲ್ಲಿನ ಸಂದಿಯಲ್ಲೆಲ್ಲ ಹುಡುಕುತ್ತದೆ.

ಊಟ ನಿಂತ ಮೇಲೆ ನಾಚಿಕೆಯೂ ನಿಂತಿತು. ಯಾರ ಎಲೆಗೂ ಸಿಡಿಯುವ ಭಯವಿಲ್ಲ. ಅವರು ಉಣ್ಣುವ ಹೊತ್ತಿಗೆ ನಾನೂ ನಡುಮನೆಗೆ ಬಂದು ಕೂರುತ್ತೇನೆ. ಮೊದಲ ದಿನ ಅನಿತಾ ಬಡಿಸಲಾರದೆ ಸೌಟು ಹಿಡಿದು ನಿಂತುಬಿಟ್ಟಳು. ‘ಬಡ್ಸವ್ವ, ನೋಡಕ್ಕೇನು ಕಾಯಿಲೆ’ ಅಂದೆ. ಕೇಳಿಸಿತೋ ಇಲ್ಲವೋ, ಬಡಿಸಿದಳು. ಮಹಾಂತೇಶ ಯಾರೋ ಕಿತ್ತುಕೊಳ್ಳುತ್ತಾರೇನೋ ಅನ್ನುವ ಹಾಗೆ ಉಣ್ಣುತ್ತಾನೆ. ನಿಸರ್ಗ ಹಪ್ಪಳ ಮುಗಿಯುವವರೆಗೆ ಅನ್ನ ಮುಟ್ಟುವುದಿಲ್ಲ. ಅನಿತಾ ಎಲ್ಲರದೂ ಆದ ಮೇಲೆ ಗೋಡೆಗೆ ಒರಗಿ ಉಣ್ಣುತ್ತಾಳೆ, ಉಪ್ಪು ಕಮ್ಮಿಯಾದರೂ ಎದ್ದು ಹಾಕಿಕೊಳ್ಳುವುದಿಲ್ಲ. ಇಷ್ಟು ವರ್ಷ ಇವರ ಜೊತೆ ಉಂಡಿದ್ದೇನೆ, ಇದೊಂದನ್ನೂ ನೋಡಿರಲಿಲ್ಲ. ನನ್ನ ತಟ್ಟೆ ನೋಡಿಕೊಂಡು ಉಂಡು ಎದ್ದಿದ್ದೆ.

ನಿನ್ನ ಊಟವೊಂದನ್ನು ನೋಡುವುದು ಉಳಿದಿದೆ.

ಒಬ್ಬಳೇ ಬಾ. ಮಹಾಂತೇಶನಿಗೂ ಹೇಳಿದ್ದೇನೆ. ಆಸ್ಪತ್ರೆಯವಳಾಗಿ ಬರಬೇಡ, ನನ್ನ ಗಂಟಲಲ್ಲಿ ನೋಡುವಂಥದ್ದು ಇನ್ನೇನೂ ಇಲ್ಲ. ಗುರುವಾರದ ಮುಂಚೆಯಾದರೂ ಸರಿ, ಆಮೇಲಾದರೂ ಸರಿ. ಬರುತ್ತೇನೆ, ಬರುವುದಿಲ್ಲ ಎಂದು ಬರೆಯುತ್ತಾ ಕೂರಬೇಡ. ಅನಿತಾ ಬಿಸಿ ಮುದ್ದೆ, ಅವರೆಕಾಳಿನ ಸಾರು ಮಾಡುತ್ತಾಳೆ. ಕೈ ತೊಳೆದು ನನ್ನ ಎದುರಿಗೆ ಕೂತು ಉಣ್ಣು. ಅಪ್ಪ ಸುಮ್ಮನೆ ಕೂತಿದ್ದಾರೆಂದು ಅರ್ಧ ಹೊಟ್ಟೆಯಲ್ಲಿ ಏಳಬೇಡ.

ಇಂತಿ,
ನಿನ್ನ ಅಪ್ಪ
ವೀರಭದ್ರಯ್ಯ